ಮತ್ತೊಬ್ಬರ ದಿನವನ್ನು ಅರಿಯುವ ಬಗೆ

ನೆಮ್ಮದಿಯಾಗಿ ಬಾಳಬೇಕೆನ್ನುವವರು ಮೊದಲು ಕಲಿಯಬೇಕಾದದ್ದು ತಮ್ಮ ಸುತ್ತಲಿನ ನಾಲ್ಕಾರು ಜನರ ದಿನ ಹೇಗೆ ಸಾಗುತ್ತದೆ ಎಂಬುದನ್ನು. ಅವರು ಎಷ್ಟು ಹೊತ್ತಿಗೆ ಏಳುತ್ತಾರೆ, ಕೆಲಸಕ್ಕೆ ಎಷ್ಟು ದೂರ ನಡೆಯುತ್ತಾರೆ, ಕೈಗೆ ಹಣ ಬರುವುದು ಯಾವಾಗ, ವರ್ಷದ ಯಾವ ತಿಂಗಳಲ್ಲಿ ಅವರಿಗೆ ನಿದ್ದೆ ಸರಿಯಾಗಿ ಬರುವುದಿಲ್ಲ ಎಂಬ ಸಂಗತಿಗಳು ತಿಳಿದರೆ, ನಾವು ಅವರ ಸ್ವಭಾವದ ದೋಷವೆಂದು ಎಣಿಸಿದ್ದರಲ್ಲಿ ಬಹುಪಾಲು ಅವರ ದಿನದ ಒತ್ತಡವೇ ಎಂಬುದು ಕಾಣತೊಡಗುತ್ತದೆ. ಇದಕ್ಕೆ ವಿಶೇಷವಾದ ಜಾಣ್ಮೆ ಬೇಕಿಲ್ಲ. ವಿಚಾರಿಸುವ ಅಭ್ಯಾಸ ಬೇಕು, ಕೇಳಿದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಶ್ರದ್ಧೆ ಬೇಕು. ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ ಇರುವವರಿಗೆ ಈ ಅಭ್ಯಾಸ ಇನ್ನಷ್ಟು ಅಗತ್ಯ, ಏಕೆಂದರೆ ಇಲ್ಲಿ ಒಂದೇ ಜಿಲ್ಲೆಯೊಳಗೆ ಎರಡು ಬಗೆಯ ಬದುಕುಗಳಿವೆ. ಶೃಂಗೇರಿ, ಕೊಪ್ಪ, ಮೂಡಿಗೆರೆ, ಸಕಲೇಶಪುರದವರು ಮಳೆ ಯಾವಾಗ ನಿಲ್ಲುತ್ತದೆ ಎಂದು ಕಾಯುವ ಹೊತ್ತಿನಲ್ಲಿ ಕಡೂರು, ಅರಸೀಕೆರೆಯವರು ಮಳೆ ಯಾವಾಗ ಬರುತ್ತದೆ ಎಂದು ಮುಗಿಲು ನೋಡುತ್ತಿರುತ್ತಾರೆ.

ಜನರ ಕಾಲಮಾನವನ್ನು ಬರೆದಿಟ್ಟುಕೊಳ್ಳಿ

ನಿಮ್ಮ ಬದುಕಿಗೆ ಹತ್ತಿರವಾದ ಐದಾರು ಜನರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಮನೆಯವರಲ್ಲಿ ಇಬ್ಬರು, ನೆರೆಯವರಲ್ಲಿ ಒಬ್ಬರು, ಕೆಲಸದ ಜಾಗದಲ್ಲಿ ಇಬ್ಬರು ಎಂದುಕೊಂಡರೆ ಸಾಕು. ಪ್ರತಿಯೊಂದು ಹೆಸರಿನ ಎದುರಿಗೆ ಅವರ ವರ್ಷದಲ್ಲಿ ಕಷ್ಟದ ತಿಂಗಳು ಯಾವುದು, ವಾರದಲ್ಲಿ ಬಿಡುವಿನ ದಿನ ಯಾವುದು, ದಿನದಲ್ಲಿ ಮಾತಿಗೆ ಒಗ್ಗುವ ಹೊತ್ತು ಯಾವುದು ಎಂದು ಗುರುತು ಮಾಡಿಕೊಳ್ಳಿ. ಬರೆಯಲು ಕುಳಿತಾಗ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಉಳಿಯಬಹುದು. ಆ ಖಾಲಿ ಜಾಗಗಳೇ ನೀವು ಇನ್ನು ಮುಂದೆ ವಿಚಾರಿಸಬೇಕಾದ ವಿಷಯಗಳು.

ಕಾಫಿ ಬೆಳೆಗಾರರ ವರ್ಷವನ್ನೇ ನೋಡಿ. ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ಅವರು ಹೂಮಳೆಗಾಗಿ ಕಾಯುತ್ತಾರೆ. ಸುಮಾರು ಒಂದು ಇಂಚಿನಷ್ಟು ಮಳೆ ಒಟ್ಟಿಗೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಗಿಡಗಳು ಹೂ ಬಿಡುತ್ತವೆ; ಹೂ ಕಟ್ಟಿ ಕಾಯಿಯಾಗಿ ನಿಲ್ಲಲು ಕೆಲವು ವಾರಗಳಲ್ಲಿ ಇನ್ನೊಂದು ಮಳೆ ಬೇಕು. ಮೊದಲ ಮಳೆ ಹದಕ್ಕಿಂತ ಕಡಿಮೆಯಾದರೆ ಮೊಗ್ಗು ಅರೆಬರೆಯಾಗಿ ಉಳಿಯುತ್ತದೆ, ಮುಂದಿನ ವರ್ಷದ ಆದಾಯ ಅಲ್ಲಿಯೇ ಕುಸಿಯುತ್ತದೆ. ಆದುದರಿಂದ ಆ ತಿಂಗಳುಗಳಲ್ಲಿ ಬೆಳೆಗಾರರೊಬ್ಬರು ಮಾತಿನ ನಡುವೆ ಎದ್ದು ಅಂಗಳಕ್ಕೆ ಹೋಗಿ ಮೋಡ ನೋಡಿದರೆ ಅದನ್ನು ಅಸಡ್ಡೆ ಎಂದು ತಿಳಿಯಬಾರದು. ತೋಟದ ಮನೆಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ, ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ‘ನಿಮ್ಮ ಕಡೆ ಎಷ್ಟು ಸೆಂಟ್ಸ್ ಬಿತ್ತು?’ ಎಂದು ಕೇಳುವ ನೆರೆಯವರು ಆ ಒಂದು ಪ್ರಶ್ನೆಯಲ್ಲಿ ಹತ್ತು ಉಪಚಾರದ ಮಾತುಗಳಿಗಿಂತ ಹೆಚ್ಚಿನ ಕಾಳಜಿಯನ್ನು ತೋರಿಸುತ್ತಾರೆ.

ಅರೇಬಿಕಾ ಕುಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯವರೆಗೆ ನಡೆಯುತ್ತದೆ, ರೊಬಸ್ಟಾ ಜನವರಿಯಿಂದ ಮಾರ್ಚಿನವರೆಗೆ. ಕಣದಲ್ಲಿ ಹಣ್ಣು ಹರಡಿರುವಾಗ ಅಕಾಲಿಕ ಮಳೆ ಬಂದರೆ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಓಡಬೇಕಾಗುತ್ತದೆ. ಅಂತಹ ತಿಂಗಳಲ್ಲಿ ಆಸ್ತಿ ಪಾಲಿನ ಮಾತು, ಮಗಳ ಮದುವೆಯ ಖರ್ಚಿನ ಮಾತು, ಹಳೆಯ ಬಾಕಿಯ ಮಾತು ಎತ್ತಿದರೆ ಒರಟು ಉತ್ತರ ಬರುವುದು ಸಹಜ. ಅದೇ ಮಾತನ್ನು ಕುಯ್ಲು ಮುಗಿದ ಮೇಲೆ ಎತ್ತಿದರೆ ಅದೇ ವ್ಯಕ್ತಿ ಸಾವಧಾನವಾಗಿ ಕುಳಿತು ಕೇಳುತ್ತಾರೆ. ಹಾಸನ, ಆಲೂರಿನ ಕಡೆ ಮುಂಗಾರಿನ ಆಲೂಗಡ್ಡೆ ಹಾಕಿದವರಿಗೆ ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದ ದಿನಗಳೇ ಭಯದ ದಿನಗಳು, ಏಕೆಂದರೆ ಅಂಗಮಾರಿ ರೋಗ ಹೊಲದಿಂದ ಹೊಲಕ್ಕೆ ಹರಡುವುದು ಆಗಲೇ. ತೋಟದ ಕಾರ್ಮಿಕರ ವಾರ ಬಟವಾಡೆಯ ದಿನಕ್ಕೂ ಸಂತೆಯ ದಿನಕ್ಕೂ ಕಟ್ಟಿಕೊಂಡಿರುತ್ತದೆ; ಬಟವಾಡೆ ಒಂದು ದಿನ ತಡವಾದರೆ ಲೈನ್ ಮನೆಯಲ್ಲಿ (ಕಾರ್ಮಿಕರಿಗೆಂದು ತೋಟದಲ್ಲಿ ಸಾಲಾಗಿ ಕಟ್ಟಿದ ಮನೆ) ಅಕ್ಕಿ, ಎಣ್ಣೆ, ಮಕ್ಕಳ ಔಷಧಿ ಎಲ್ಲವೂ ಒಂದು ವಾರ ಹಿಂದೆ ಬೀಳಬಹುದು. ತೋಟದ ಲೆಕ್ಕ ಬರೆಯುವ ರೈಟರು ಅಥವಾ ಮೇಸ್ತ್ರಿಯ ಕೆಲಸದಲ್ಲಿರುವವರು ಇದನ್ನು ಮರೆಯಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮನೆಯೊಳಗಿನ ದಿನವನ್ನು ಅರಿಯುವುದು ಇದಕ್ಕಿಂತ ಕಷ್ಟ, ಏಕೆಂದರೆ ಹತ್ತಿರದವರ ಬಗ್ಗೆ ನಮಗೆ ಎಲ್ಲವೂ ಗೊತ್ತಿದೆ ಎಂದು ನಾವು ನಂಬಿರುತ್ತೇವೆ. ಕಡೂರಿನ ಬಯಲಿನಲ್ಲಿ ಬೆಳೆದ ಹೆಣ್ಣುಮಗಳು ಕೊಪ್ಪದ ಒಂಟಿಮನೆಯೊಂದಕ್ಕೆ ಸೊಸೆಯಾಗಿ ಬಂದರೆ ಅವಳ ಮೊದಲ ಮಳೆಗಾಲ ಹೇಗಿರುತ್ತದೆ ಎಂದು ಯೋಚಿಸಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗುವುದಿಲ್ಲ, ಕರೆಂಟು ದಿನಗಟ್ಟಲೆ ಇರುವುದಿಲ್ಲ, ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಹೊರಗೆ ಹೆಜ್ಜೆಯಿಟ್ಟರೆ ಜಿಗಣೆ, ಪಕ್ಕದ ಮನೆ ಅರ್ಧ ಮೈಲಿ ಆಚೆ. ತವರಿನಲ್ಲಿ ಮುದ್ದೆ ಉಂಡು ಬೆಳೆದವಳಿಗೆ ಬೆಳಗಿನ ಅಕ್ಕಿ ರೊಟ್ಟಿ, ಕಡುಬು ಒಗ್ಗಲು ಸಮಯ ಬೇಕಾಗುತ್ತದೆ. ಅವಳು ಮಂಕಾಗಿದ್ದರೆ ಅತ್ತೆ ಅದನ್ನು ಗಂಡನ ಮನೆಯ ಮೇಲಿನ ಅಸಮಾಧಾನ ಎಂದು ಓದಿಕೊಳ್ಳುವುದಕ್ಕೆ ಮೊದಲು, ‘ನಿಮ್ಮೂರಲ್ಲಿ ಈ ಹೊತ್ತಿಗೆ ಏನು ಕೆಲಸ ನಡೀತಿರುತ್ತಮ್ಮಾ?’ ಎಂದು ಕೇಳಿ ನೋಡಬೇಕು. ವಾರಕ್ಕೆರಡು ಬಾರಿ ರಾಗಿ ಹಿಟ್ಟಿಗೆ ಎಸರಿಟ್ಟರೆ ಮನೆಯ ಸಂಪ್ರದಾಯಕ್ಕೆ ಯಾವ ಕೊರತೆಯೂ ಆಗುವುದಿಲ್ಲ. ಸೊಸೆಯ ಕಡೆಯಿಂದಲೂ ಅಷ್ಟೇ ಪ್ರಯತ್ನ ಬೇಕು: ಅತ್ತೆ ಸೌದೆ, ಉಪ್ಪಿನಕಾಯಿ, ಸಂಡಿಗೆಗಳ ಬಗ್ಗೆ ಏಪ್ರಿಲ್‌ನಲ್ಲಿಯೇ ಏಕೆ ಅಷ್ಟು ಆತುರಪಡುತ್ತಾರೆ ಎಂಬುದು ಒಂದು ಮಳೆಗಾಲ ಕಳೆದವರಿಗೆ ಮಾತ್ರ ತಿಳಿಯುವ ವಿಷಯ, ಆದರೆ ಕೇಳಿದರೆ ಮೊದಲೇ ತಿಳಿದುಕೊಳ್ಳಬಹುದು.

ಕೇಳುವುದನ್ನು ಕಲಿಯಿರಿ

ಯಾರಾದರೂ ನಿಮಗೆ ಬೇಸರವಾಗುವಂತೆ ನಡೆದುಕೊಂಡಾಗ ಮೊದಲ ಪ್ರಶ್ನೆಯನ್ನು ಹೇಗೆ ಕೇಳುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿರುತ್ತದೆ. ‘ಯಾಕೆ ತಡ ಮಾಡಿದೆ?’ ಎಂಬ ಪ್ರಶ್ನೆಯಲ್ಲಿ ತೀರ್ಪು ಆಗಲೇ ಸೇರಿಕೊಂಡಿರುವುದರಿಂದ ಎದುರಿನವರು ಉತ್ತರ ಕೊಡುವುದಿಲ್ಲ, ಸಮರ್ಥನೆ ಕೊಡುತ್ತಾರೆ. ‘ಬರುವ ದಾರೀಲಿ ಏನಾಯ್ತಣ್ಣ?’ ಎಂದು ಕೇಳಿದರೆ ನಡೆದದ್ದನ್ನು ಹೇಳುತ್ತಾರೆ. ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ವ್ಯತ್ಯಾಸ ಕೇವಲ ಸೌಜನ್ಯದ ಮಾತಲ್ಲ. ಕಾಡಾನೆಗಳು ತೋಟಗಳಲ್ಲಿಯೇ ಬೀಡುಬಿಡುವ ಆ ಭಾಗದಲ್ಲಿ, ಆನೆ ಹತ್ತಿರದಲ್ಲಿದೆ ಎಂಬ ಎಚ್ಚರಿಕೆ ಬಂದ ಬೆಳಿಗ್ಗೆ ಕೆಲಸದವರು ಚೆನ್ನಾಗಿ ಬೆಳಕಾಗುವವರೆಗೆ ಮನೆಯಿಂದ ಹೊರಡದಿರುವುದೇ ಸರಿಯಾದ ನಡೆ. ಎಂಟು ಗಂಟೆಗೆ ಬರಬೇಕಾದವರು ಒಂಬತ್ತೂವರೆಗೆ ಬಂದಾಗ ಬೈದರೆ, ಮರುದಿನ ಅವರು ಆ ಬೈಗುಳಕ್ಕೆ ಹೆದರಿ ಕತ್ತಲಲ್ಲಿ ಹೊರಟು ಪ್ರಾಣಕ್ಕೆ ಎರವಾಗುವ ಸಂಭವವಿದೆ. ತಪ್ಪು ಪ್ರಶ್ನೆಯ ಬೆಲೆ ಕೆಲವೊಮ್ಮೆ ಇಷ್ಟು ದೊಡ್ಡದು.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಬೇಕು. ಎದುರಿನವರು ಮಾತು ನಿಲ್ಲಿಸಿದ ಕೂಡಲೇ ನಾವು ನಮ್ಮ ಮಾತನ್ನು ತುರುಕುತ್ತೇವೆ, ಆದರೆ ಜನ ಮುಖ್ಯವಾದುದನ್ನು ಹೇಳುವುದು ಸಾಮಾನ್ಯವಾಗಿ ಆ ವಿರಾಮದ ನಂತರ. ಹತ್ತು ಉಸಿರಿನಷ್ಟು ಕಾಲ ಕಾದು ನೋಡಿ. ನಂತರ ನಿಮಗೆ ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ಅವರಿಗೇ ಒಪ್ಪಿಸಿ, ‘ಹಾಗಾದರೆ ನಿಮಗೆ ಬೇಸರ ಆಗಿದ್ದು ದುಡ್ಡಿನ ವಿಷಯಕ್ಕಲ್ಲ, ಎಲ್ಲರ ಮುಂದೆ ಹೇಳಿದ್ದಕ್ಕೆ, ಅಲ್ಲವೇ?’ ಎಂಬಂತೆ ಕೇಳಿ. ಅವರು ಹೌದು ಎಂದರೆ ಅರ್ಧ ಕೆಲಸ ಮುಗಿದಂತೆ. ಅಲ್ಲ ಎಂದರೆ ತಿದ್ದುತ್ತಾರೆ, ಅದು ಇನ್ನೂ ಒಳ್ಳೆಯದು. ಅವರಾಗಿಯೇ ಕೇಳದ ಹೊರತು ಪರಿಹಾರ ಹೇಳಬೇಡಿ. ತಂದೆಯನ್ನು ಆಸ್ಪತ್ರೆಗೆ ಸೇರಿಸಿರುವವರಿಗೆ ಯಾವ ವೈದ್ಯರು ಒಳ್ಳೆಯವರು ಎಂಬ ಉಪದೇಶ ಊರಿನ ಎಲ್ಲರಿಂದಲೂ ಸಿಗುತ್ತದೆ, ರಾತ್ರಿ ಆಸ್ಪತ್ರೆಯಲ್ಲಿ ಜೊತೆಗಿರಲು ಸಿಗುವುದು ಒಬ್ಬರೋ ಇಬ್ಬರೋ.

ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಊರಿನಲ್ಲಿರುವ ತಂದೆತಾಯಿಯರೊಂದಿಗೆ ಫೋನಿನಲ್ಲಿಯೇ ಸಂಬಂಧ ಇಟ್ಟುಕೊಂಡವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಕುಣಿಗಲ್ ಮೂಲಕ ಬೆಂಗಳೂರಿಗೆ ನೇರ ರೈಲುಮಾರ್ಗ 2017ರಲ್ಲಿ ಆರಂಭವಾದ ಮೇಲೆ ಹಾಸನದ ಪ್ರಯಾಣ ಸುಲಭವಾಗಿದೆ, ಆದರೂ ಬಹಳ ಮನೆಗಳಲ್ಲಿ ಭಾನುವಾರದ ಕರೆಯೇ ವಾರದ ಭೇಟಿ. ‘ಊಟ ಆಯ್ತಾ, ಮಾತ್ರೆ ತಗೊಂಡ್ಯಾ’ ಎಂಬ ಎರಡು ಪ್ರಶ್ನೆಗಳಲ್ಲಿ ಆ ಕರೆ ಮುಗಿದರೆ, ವಯಸ್ಸಾದವರು ತಾವು ಕೇವಲ ನೋಡಿಕೊಳ್ಳಬೇಕಾದ ಒಂದು ದೇಹ ಎಂಬ ಭಾವನೆಗೆ ಬರುತ್ತಾರೆ. ಅವರಿಗೆ ಗೊತ್ತಿರುವುದನ್ನು ಕೇಳಿ. ಈ ಸಲ ಮರಗಸಿ (ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸ) ಯಾರಿಂದ ಮಾಡಿಸಿದಿರಿ, ಮೆಣಸಿನ ಬಳ್ಳಿ ಹೇಗಿದೆ, ಮೊಸರು ಹುಳಿಯಾಗದಂತೆ ಅಜ್ಜಿ ಏನು ಮಾಡುತ್ತಿದ್ದರು, ಊರಹಬ್ಬದ ಲೆಕ್ಕ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ವಿಚಾರಿಸಿ. ತಾವು ಇನ್ನೂ ಉಪಯೋಗಕ್ಕೆ ಬರುವವರು ಎಂಬುದು ಅವರ ಧ್ವನಿಯಲ್ಲಿಯೇ ತಿಳಿಯುತ್ತದೆ. ಮಾಡುವ ಕರೆಯನ್ನು ಅವರ ದಿನಕ್ಕೆ ಹೊಂದಿಸಿಕೊಳ್ಳಿ. ಹಳ್ಳಿಯಲ್ಲಿ ಎಂಟಕ್ಕೆಲ್ಲ ದೀಪ ಆರಿಸಿ ಮಲಗುವವರಿಗೆ ರಾತ್ರಿ ಹತ್ತರ ಕರೆ ಗಾಬರಿಯನ್ನಷ್ಟೇ ಉಂಟುಮಾಡುತ್ತದೆ.

ಈಚಿನ ವರ್ಷಗಳಲ್ಲಿ ತೋಟಗಳಿಗೆ ಅಸ್ಸಾಂ, ಪಶ್ಚಿಮ ಬಂಗಾಳ ಮೊದಲಾದ ಕಡೆಗಳಿಂದ ಕಾರ್ಮಿಕರು ಬರುತ್ತಿದ್ದಾರೆ. ಅವರನ್ನು ‘ಅಸ್ಸಾಂನವರು’ ಎಂಬ ಒಂದೇ ಪದದಲ್ಲಿ ಕೂಗುವುದನ್ನು ಮೊದಲು ಬಿಡಬೇಕು. ಒಬ್ಬೊಬ್ಬರ ಹೆಸರನ್ನು ಅವರ ಬಾಯಿಂದಲೇ ಎರಡು ಸಲ ಹೇಳಿಸಿ, ಸರಿಯಾಗಿ ಉಚ್ಚರಿಸಲು ಕಲಿಯಿರಿ. ನೀರು, ಜ್ವರ, ನೋವು, ಅಪಾಯ, ರಜೆ, ಕೂಲಿ ಎಂಬಷ್ಟು ಮಾತುಗಳನ್ನು ಅವರ ಭಾಷೆಯಲ್ಲಿ ನೀವು ಕಲಿತು, ಅವಷ್ಟನ್ನೇ ಕನ್ನಡದಲ್ಲಿ ಅವರಿಗೆ ಕಲಿಸಿದರೆ, ಮರದಿಂದ ಬಿದ್ದಾಗ ಅಥವಾ ಹಾವು ಕಚ್ಚಿದಾಗ ಆ ಕೆಲವು ಪದಗಳೇ ಜೀವ ಉಳಿಸುತ್ತವೆ. ಅವರ ಮಕ್ಕಳು ಹತ್ತಿರದ ಸರ್ಕಾರಿ ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ಕೇಳುವುದು ಶಿಕ್ಷಕರೊಬ್ಬರ ಕೆಲಸ ಮಾತ್ರವಲ್ಲ.

ಜಗಳ ಬಗೆಹರಿಸುವಾಗ

ಶ್ರವಣಬೆಳಗೊಳಕ್ಕೆ ಹೋದವರು ವಿಂಧ್ಯಗಿರಿಯ ಗೊಮ್ಮಟನನ್ನು ನೋಡಿ ಹಿಂದಿರುಗುತ್ತಾರೆ. ಆ ಊರಿನ ನೂರಾರು ಶಾಸನಗಳಲ್ಲಿ 1368ರದ್ದು ಒಂದಿದೆ, ಜಗಳ ಬಿಡಿಸುವವರೆಲ್ಲ ಓದಬೇಕಾದದ್ದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿ, ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರಿಕೊಂಡರು. ರಾಜನು ಎರಡೂ ಕಡೆಯವರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಿಗೆ ಭೇದವಿಲ್ಲ ಎಂದು ಸಾರಿದನು. ಮಾತು ಅಲ್ಲಿಗೇ ನಿಂತಿದ್ದರೆ ಅದು ಒಂದು ಒಳ್ಳೆಯ ಭಾಷಣವಾಗಿ ಮರೆತುಹೋಗುತ್ತಿತ್ತು. ಶಾಸನ ಮುಂದುವರಿದು ಪಂಚಮಹಾವಾದ್ಯ ಮತ್ತು ಕಳಶದ ಹಕ್ಕು ಜೈನರಿಗೆ ಮೊದಲಿನಂತೆಯೇ ಸಲ್ಲತಕ್ಕದ್ದು ಎಂದು ಹೇಳುತ್ತದೆ. ರಾಜ್ಯದ ಜೈನರ ಮನೆ ಮನೆಯಿಂದ ವರ್ಷಕ್ಕೆ ಒಂದು ಹಣದಂತೆ (ಹಣ ಎಂಬುದು ಆಗಿನ ಒಂದು ನಾಣ್ಯ) ಸಂಗ್ರಹಿಸಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನರನ್ನು ನೇಮಿಸಬೇಕು, ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು, ಈ ಹೊಣೆ ತಿರುಮಲೆಯ ವೈಷ್ಣವ ಗುರು ತಾತಯ್ಯನದು ಎಂದೂ ಗೊತ್ತುಮಾಡುತ್ತದೆ. ಒಂದು ಪಂಗಡದ ಬಸದಿಯ ರಕ್ಷಣೆಯನ್ನು ಇನ್ನೊಂದು ಪಂಗಡದ ಗುರುವಿನ ಕೈಗೆ ಕೊಟ್ಟದ್ದರಲ್ಲಿ ಈ ರಾಜಿಯ ಬಲವಿದೆ ಎಂದು ನನಗೆ ಅನ್ನಿಸುತ್ತದೆ.

ಈ ಕ್ರಮವನ್ನು ಮನೆಯ ಜಗಳಕ್ಕೂ ಬೇಲಿಯ ಜಗಳಕ್ಕೂ ಹಾಗೆಯೇ ಬಳಸಬಹುದು. ಇಬ್ಬರನ್ನೂ ಒಂದೇ ಹೊತ್ತಿಗೆ, ಒಬ್ಬರ ಎದುರಿಗೇ ಇನ್ನೊಬ್ಬರು ಇರುವಂತೆ ಕೂರಿಸಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಮಧ್ಯಸ್ಥಿಕೆ ಜಗಳವನ್ನು ಬೆಳೆಸುತ್ತದೆ. ಜಗಳದ ವಸ್ತು ಯಾವುದು ಎಂದು ಹೆಸರಿಸಿ. ವಯಸ್ಸಾದ ತಾಯಿಯನ್ನು ಯಾರೂ ನೋಡಿಕೊಳ್ಳುತ್ತಿಲ್ಲ ಎಂಬ ಆರೋಪವನ್ನು, ತಿಂಗಳ ತಪಾಸಣೆಗೆ ಯಾರು ಕರೆದೊಯ್ಯುವುದು, ಔಷಧಿಯ ಖರ್ಚು ಯಾರದು, ಅಕ್ಕನಿಗೆ ವರ್ಷದಲ್ಲಿ ಎಷ್ಟು ದಿನ ಬಿಡುವು ಸಿಗಬೇಕು ಎಂಬ ಪ್ರಶ್ನೆಗಳಾಗಿ ಒಡೆದರೆ ಅಣ್ಣತಮ್ಮಂದಿರು ಉತ್ತರ ಕೊಡಬಲ್ಲರು. ಒಪ್ಪಿದ್ದನ್ನು ಬರೆದು ಇಬ್ಬರ ಹತ್ತಿರವೂ ಒಂದೊಂದು ಪ್ರತಿ ಇಡಿ. ಸಾಧ್ಯವಾದರೆ ಪ್ರತಿಯೊಬ್ಬರಿಗೂ ಇನ್ನೊಬ್ಬರ ಹಿತಕ್ಕಾಗಿ ಮಾಡುವ ಒಂದು ಕೆಲಸವನ್ನು ಒಪ್ಪಿಸಿ.

ಜಮೀನಿನ ಗಡಿಯ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಅಗತ್ಯ. ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಭೂಮಾಪನ ಇಲಾಖೆಯಿಂದ ಅಕ್ಕಪಕ್ಕದ ಹಿಡುವಳಿದಾರರಿಗೂ ನೋಟಿಸು ಹೋಗುತ್ತದೆ. ಮುನ್ಸೂಚನೆಯಿಲ್ಲದೆ ಆ ಕಾಗದ ಕೈಗೆ ಬಂದರೆ ನೆರೆಯವರು ಅದನ್ನು ಯುದ್ಧ ಘೋಷಣೆ ಎಂದೇ ತಿಳಿಯುತ್ತಾರೆ. ಆದುದರಿಂದ ಅರ್ಜಿ ಕೊಡುವ ಮೊದಲೇ ಅವರ ಮನೆಗೆ ಹೋಗಿ, ‘ಮಾವ, ಮಕ್ಕಳ ಕಾಲಕ್ಕೆ ತಕರಾರು ಬೇಡ ಅಂತ ಅಳತೆ ಮಾಡಿಸ್ತಿದ್ದೀನಿ, ಆ ದಿನ ನೀವೂ ನಿಂತುಕೊಳ್ಳಿ’ ಎಂದು ಹೇಳಿ ಬನ್ನಿ. ಅಳತೆಯ ದಿನ ಪಹಣಿ, ನಕ್ಷೆಗಳನ್ನು ಇಬ್ಬರೂ ನೋಡುವಂತೆ ಬಿಚ್ಚಿಡಿ, ಕಲ್ಲು ನೆಡುವಾಗ ಇಬ್ಬರೂ ಇರಿ.

ಕೈಸಾಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೊಡುವಾಗಲೂ ಪಡೆಯುವಾಗಲೂ ತಾರೀಖು ಸಹಿತ ಬರೆದಿಡಿ, ವಾಯಿದೆಗೆ ತೀರಿಸಲು ಆಗದಿದ್ದರೆ ವಾಯಿದೆಗೆ ಮೊದಲೇ ಹೋಗಿ ಹೇಳಿ.

ಕ್ಷಮೆ ಕೇಳುವುದಕ್ಕೂ ಒಂದು ರೀತಿಯಿದೆ. ದಿಗಂಬರ ಜೈನರು ಭಾದ್ರಪದ ಮಾಸದಲ್ಲಿ ಹತ್ತು ದಿನ ಆಚರಿಸುವ ದಶಲಕ್ಷಣ ಪರ್ವದಲ್ಲಿ ಮೊದಲನೆಯದು ಉತ್ತಮ ಕ್ಷಮಾ ಧರ್ಮ. ಪರ್ವದ ಕೊನೆಗೆ ಕ್ಷಮಾವಣಿಯ ದಿನ ಒಬ್ಬರನ್ನೊಬ್ಬರು ಕಂಡು, ತಿಳಿದೋ ತಿಳಿಯದೆಯೋ ಮಾಡಿದ ನೋವಿಗೆ ಕ್ಷಮೆ ಬೇಡುತ್ತಾರೆ. ಅದಕ್ಕಾಗಿ ಒಂದು ದಿನವನ್ನೇ ಗೊತ್ತುಪಡಿಸಿರುವುದರಿಂದ ಸಂಕೋಚ ಕಡಿಮೆಯಾಗುತ್ತದೆ. ಬೇರೆಯವರೂ ತಮ್ಮ ಮನೆಗಳಲ್ಲಿ ಯುಗಾದಿಯನ್ನೋ ದೀಪಾವಳಿಯನ್ನೋ ಅದಕ್ಕೆ ಬಳಸಿಕೊಳ್ಳಬಹುದು. ಕ್ಷಮೆ ಕೇಳುವಾಗ ಏನು ಮಾಡಿದಿರಿ ಎಂಬುದನ್ನು ಸ್ಪಷ್ಟವಾಗಿ ಹೇಳಿ, ಅದರಿಂದ ಅವರಿಗೆ ಏನಾಯಿತು ಎಂಬುದನ್ನು ಹೇಳಿ, ಸರಿಪಡಿಸಲು ಏನು ಮಾಡುತ್ತೀರಿ ಎಂಬುದನ್ನು ಹೇಳಿ. ‘ನಿಮಗೆ ಬೇಜಾರಾಗಿದ್ದರೆ’ ಎಂದು ಆರಂಭಿಸಿದರೆ ತಪ್ಪು ಅವರ ಮನಸ್ಸಿನದೇ ಎಂದಂತಾಗುತ್ತದೆ. ಅವರು ತಕ್ಷಣ ಕ್ಷಮಿಸಬೇಕೆಂದು ನಿರೀಕ್ಷಿಸಬೇಡಿ.

ನಿಮ್ಮ ದಿನ, ನಿಮ್ಮ ಮಿತಿ

ಇತರರ ದಿನವನ್ನು ಗಮನಿಸುವವರು ತಮ್ಮ ದಿನವನ್ನೂ ಅಷ್ಟೇ ಶ್ರದ್ಧೆಯಿಂದ ಗಮನಿಸಬೇಕು. ಸಿಟ್ಟು ಬಂದ ಹೊತ್ತುಗಳನ್ನು ಒಂದೆರಡು ವಾರ ಗುರುತು ಹಾಕಿಕೊಂಡರೆ, ಹಸಿವಿನ ಹೊತ್ತು, ನಿದ್ದೆಗೆಟ್ಟ ಮರುದಿನ, ಸಂಜೆ ಕೆಲಸದಿಂದ ಬಂದ ಮೊದಲ ಅರ್ಧ ಗಂಟೆ ಹೀಗೆ ಒಂದು ವಿನ್ಯಾಸ ಕಾಣುತ್ತದೆ. ಆ ಹೊತ್ತಿನಲ್ಲಿ ಮಕ್ಕಳ ಅಂಕಪಟ್ಟಿ ನೋಡಬೇಡಿ, ವಾಟ್ಸಾಪಿನಲ್ಲಿ ಉತ್ತರ ಬರೆಯಬೇಡಿ, ಕೆಲಸದವರ ಲೆಕ್ಕ ಮಾಡಬೇಡಿ. ಮೊದಲು ಕೈಕಾಲು ತೊಳೆದು ಏನಾದರೂ ತಿನ್ನಿ. ನಿಮ್ಮ ಕಷ್ಟದ ತಿಂಗಳು ಯಾವುದು ಎಂಬುದನ್ನು ಮನೆಯವರಿಗೂ ಮೊದಲೇ ತಿಳಿಸಿಡಿ. ಅವರು ಊಹಿಸಿಕೊಳ್ಳಲಿ ಎಂದು ಬಿಡುವುದು ನ್ಯಾಯವಲ್ಲ.

ಅರ್ಥಮಾಡಿಕೊಳ್ಳುವುದೆಂದರೆ ಹಿಂಸೆಯನ್ನು ಸಹಿಸುವುದಲ್ಲ. ಕುಡಿದು ಬಂದು ಹೊಡೆಯುವವನ ದಿನ ಎಷ್ಟೇ ಕಷ್ಟದ್ದಾಗಿದ್ದರೂ ಹೊಡೆತಕ್ಕೆ ಅದು ಸಮರ್ಥನೆಯಾಗುವುದಿಲ್ಲ, ಮತ್ತು ಅವನನ್ನು ಅರಿತು ನಡೆ ಎಂದು ಹೆಂಡತಿಗೆ ಬುದ್ಧಿ ಹೇಳುವ ಹಿರಿಯರು ದೊಡ್ಡ ಅನ್ಯಾಯ ಮಾಡುತ್ತಾರೆ. ತುರ್ತಿಗೆ 112, ಮಹಿಳೆಯರ ಸಹಾಯಕ್ಕೆ 181, ಮಕ್ಕಳ ಸಹಾಯಕ್ಕೆ 1098, ಹಿರಿಯ ನಾಗರಿಕರ ಸಹಾಯಕ್ಕೆ 14567 ಸಂಖ್ಯೆಗಳಿವೆ. ಬಹಳ ದಿನ ನಿದ್ದೆಯಿಲ್ಲದೆ, ಯಾವುದರಲ್ಲಿಯೂ ಮನಸ್ಸಿಲ್ಲದೆ ಕುಳಿತವರಿಗೆ ಧೈರ್ಯದ ಮಾತಿನ ಜೊತೆಗೆ ವೈದ್ಯರ ನೆರವೂ ಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಗಳನ್ನು ಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ.

ಎಲ್ಲ ಪ್ರಯತ್ನದ ಮೇಲೂ ಮಾತು ಬೇಡ ಎನ್ನುವವರು ಇರುತ್ತಾರೆ. ಅವರ ಬಾಗಿಲನ್ನು ಮತ್ತೆ ಮತ್ತೆ ತಟ್ಟಬೇಡಿ, ಮೂರನೆಯವರ ಮೂಲಕ ಹೇಳಿಕಳುಹಿಸಬೇಡಿ, ಊರಿನವರ ಮುಂದೆ ಅವರ ವಿಷಯ ಎತ್ತಬೇಡಿ. ದಾರಿಯಲ್ಲಿ ಸಿಕ್ಕಾಗ ಎಂದಿನಂತೆ ನಮಸ್ಕಾರ ಮಾಡಿ, ಅವರ ಮನೆಯಲ್ಲಿ ಸಾವು ನೋವು ಆದರೆ ಕರೆಯದಿದ್ದರೂ ಹೋಗಿ ಹೊರಗೆ ನಿಂತು ಬನ್ನಿ. ಮುಂದಿನ ಕುಯ್ಲು ಮುಗಿದು ಅವರಿಗೆ ಬಿಡುವಾದಾಗ ಇನ್ನೊಂದು ಬಾರಿ ಕೇಳಿ ನೋಡಿ.